ಕಾಪಾಡಿ ತಂದ ಆಮೆಯ ಚಿಪ್ಪು: ಹಳೆಯ ಕಲೆ ಯಾವುದು, ಇಂದಿನ ಕಾಯಿಲೆ ಯಾವುದು?

ಆಮೆಯನ್ನು ಮನೆಗೆ ತಂದ ದಿನ ಅದರ ಚಿಪ್ಪನ್ನು ಉಜ್ಜಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಎದ್ದು ನಿಂತ ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ಮೂರನ್ನೂ ಮಾಡಿ ಪಾಠ ಕಲಿತವನು ನಾನು. ನಮ್ಮಲ್ಲಿಗೆ ಬಂದ ಆಮೆ ವರ್ಷಗಟ್ಟಲೆ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬದುಕಿತ್ತು. ಬೆನ್ನ ಮೇಲೆ ಯಾರೋ ನೇಲ್ ಪಾಲಿಷ್‌ನಲ್ಲಿ 7 ಎಂದು ಬರೆದಿದ್ದರು. ಹಿಂದಿನ ಅಂಚನ್ನು ಎಂದೋ ನಾಯಿ ಕಡಿದಿತ್ತು. ಬೆನ್ನೆಲ್ಲ ಬೂದಿ ಬಳಿದಂತೆ ಮಂಕಾಗಿತ್ತು. ಹಳೆಯ ಟೂತ್ ಬ್ರಷ್‌ನಿಂದ ತಿಕ್ಕಿದೆ, ಒರೆಸಿದೆ, ಎರಡು ಹನಿ ಎಣ್ಣೆ ಸವರಿದೆ. ಹೊಸ ಪೀಠೋಪಕರಣದಂತೆ ಹೊಳೆಯಿತು. ಮೂರನೆಯ ವಾರ ಆ ಹೊಳಪಿನ ಅಡಿಯಿಂದ ಹಳಸಿದ ವಾಸನೆ ಬರತೊಡಗಿತು. ಪಶುವೈದ್ಯೆ ನನ್ನನ್ನು ಬೈಯಲಿಲ್ಲ. ಆದರೆ ಮೊದಲ ಹತ್ತು ನಿಮಿಷ ಅವರು ಏನನ್ನೂ ಪರೀಕ್ಷಿಸಲಿಲ್ಲ, ನಾನು ಹಚ್ಚಿದ ಎಣ್ಣೆಯನ್ನು ಒರೆಸುತ್ತ ಕುಳಿತಿದ್ದರು.

ಕಾಪಾಡಿ ತಂದ ಆಮೆಯ ಚಿಪ್ಪಿನಲ್ಲಿ ಕಣ್ಣಿಗೆ ಕುಕ್ಕುವ ಕೊರತೆಗಳಲ್ಲಿ ಬಹುಪಾಲು ಹಳೆಯವು. ಅವನ್ನು ಸರಿಪಡಿಸಲು ಆಗುವುದಿಲ್ಲ, ಸರಿಪಡಿಸುವ ಅಗತ್ಯವೂ ಇಲ್ಲ. ಜೀವಕ್ಕೆ ಕುತ್ತು ತರುವಂಥದ್ದು ಮಾತ್ರ ಹೆಚ್ಚಾಗಿ ಕಣ್ಣಿಗೆ ಬೀಳದ ಮೂಲೆಯಲ್ಲಿರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಎಂಬುದಕ್ಕಾಗಿಯೇ ಈ ಬರಹ. ಇಲ್ಲಿ ಹೇಳುವುದೆಲ್ಲ ನೆಲದ ಮೇಲೆ ಬದುಕುವ ಆಮೆಗಳ ಬಗ್ಗೆ. ನೀರಾಮೆಗಳ ಲೆಕ್ಕ ಬೇರೆ. ಅವುಗಳಲ್ಲಿ ಹಲವು ಚಿಪ್ಪಿನ ತೆಳು ಪದರವನ್ನು ಆಗಾಗ ಕಳಚುತ್ತವೆ, ಅದು ಸಹಜ. ನೆಲದ ಆಮೆಯ ಚಿಪ್ಪನ್ನು ಹೊದ್ದಿರುವ ಬಿಲ್ಲೆಗಳಲ್ಲಿ, ಅಂದರೆ ಫಲಕಗಳಲ್ಲಿ, ಒಂದು ಇಡಿಯಾಗಿ ಕಳಚಿ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಮೊದಲು ಚಿಪ್ಪು ಏನೆಂದು ತಿಳಿಯಿರಿ

ಚಿಪ್ಪು ಆಮೆ ಹೊತ್ತು ತಿರುಗುವ ಪೆಟ್ಟಿಗೆಯಲ್ಲ. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಅಗಲಗೊಂಡು, ಒಂದಕ್ಕೊಂದು ಬೆಸೆದುಕೊಂಡು ಬೆನ್ನಿನ ಚಿಪ್ಪಾಗಿವೆ. ಮೂಳೆಯ ಮೇಲೆ ತೆಳುವಾದ ಜೀವಂತ ಚರ್ಮ, ಅದರ ಮೇಲೆ ನಮ್ಮ ಉಗುರಿನಲ್ಲಿರುವ ಕೆರಟಿನ್‌ನ ಫಲಕಗಳು. ಬೆನ್ನಿನ ಮೇಲೆ ಸಾಮಾನ್ಯವಾಗಿ 38ರ ಆಸುಪಾಸು ಫಲಕಗಳಿರುತ್ತವೆ. ಒಂದೆರಡು ಹೆಚ್ಚೋ ಕಡಿಮೆಯೋ ಇದ್ದರೆ, ಆಕಾರ ಸೊಟ್ಟಗಿದ್ದರೆ, ಅದು ಮೊಟ್ಟೆಯೊಳಗೇ ಆದದ್ದು, ಕಾಯಿಲೆಯಲ್ಲ. ಚಿಪ್ಪಿಗೆ ನರಗಳಿವೆ, ರಕ್ತವಿದೆ. ಬೆರಳಿನಿಂದ ಸವರಿದರೆ ಆಮೆಗೆ ತಿಳಿಯುತ್ತದೆ, ಒಡೆದರೆ ನೋಯುತ್ತದೆ.

ಫಲಕ ಬೆಳೆಯುವುದು ಅಂಚಿನಲ್ಲಿ. ಎರಡು ಫಲಕಗಳು ಕೂಡುವ ಸಂದಿನಲ್ಲಿ ಹೊಸ ಕೆರಟಿನ್ ತಿಳಿ ಬಣ್ಣದ ಗೆರೆಯಾಗಿ ಮೂಡುತ್ತದೆ. ಅಂದರೆ ಪ್ರತಿ ಫಲಕದ ನಡುವಿನ ಚುಕ್ಕೆ ಅದರ ಮರಿಗಾಲ, ಅಂಚು ಈಚಿನ ತಿಂಗಳುಗಳು. ನಡುಭಾಗ ಒರಟಾಗಿದ್ದು ಅಂಚು ನಯವಾಗಿದ್ದರೆ ಈಚಿನ ಆರೈಕೆ ಸುಧಾರಿಸಿತ್ತು ಎಂದರ್ಥ. ಉಲ್ಟಾ ಇದ್ದರೆ ಈಚೆಗೆ ಏನೋ ಕೆಟ್ಟಿದೆ. ಗೆರೆಗಳನ್ನು ಎಣಿಸಿ ವಯಸ್ಸು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಒಂದೇ ವರ್ಷದಲ್ಲಿ ಹಲವು ಗೆರೆ ಮೂಡಬಹುದು, ಮುದಿ ಆಮೆಯಲ್ಲಿ ಎಲ್ಲವೂ ಸವೆದು ನುಣುಪಾಗಿರಬಹುದು. ಆ ಲೆಕ್ಕವನ್ನು ಬಿಟ್ಟುಬಿಡಿ.

ಹೆಜ್ಜೆ 1: ಜಾಗ, ಬಿಸುಪು, ತಕ್ಕಡಿ

ಮನೆಯಲ್ಲಿ ಬೇರೆ ಆಮೆ ಇದ್ದರೆ ಹೊಸದನ್ನು ಕನಿಷ್ಠ ಮೂರು ತಿಂಗಳು ಬೇರೆಯೇ ಕೋಣೆಯಲ್ಲಿಡಿ. ಪಾತ್ರೆ, ಬಟ್ಟೆ ಯಾವುದನ್ನೂ ಹಂಚಬೇಡಿ. ನೆಲಕ್ಕೆ ಮಣ್ಣು, ಮರಳು ಬೇಡ, ಬಿಳಿ ಕಾಗದ ಹಾಸಿ. ಗಾಯವಿದ್ದರೆ ಅದಕ್ಕೆ ಮಣ್ಣು ಮೆತ್ತುವುದಿಲ್ಲ, ಕೀವೋ ರಕ್ತವೋ ಸೋರಿದರೆ ಕಾಗದದ ಮೇಲೆ ಕಾಣುತ್ತದೆ, ಮಲ ಹೇಗಿದೆ ಎಂಬುದೂ ಗೊತ್ತಾಗುತ್ತದೆ.

ಆಮೆಗೆ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲು ಬಾರದು. ಮೈ ತಣ್ಣಗಿದ್ದರೆ ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಮಲಗಿಬಿಡುತ್ತದೆ, ಕೊಟ್ಟ ಔಷಧವೂ ಸರಿಯಾಗಿ ಹಿಡಿಯುವುದಿಲ್ಲ. ಬಹುತೇಕ ನೆಲದ ಆಮೆಗಳಿಗೆ ಬಲ್ಬಿನ ಕೆಳಗಿನ ಜಾಗ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್, ಎದುರು ತುದಿ 25ರ ಆಸುಪಾಸು ಇದ್ದರೆ ಸಾಕು. ಎಲ್ಲಿರಬೇಕೆಂದು ಅದೇ ಆರಿಸಿಕೊಳ್ಳಲಿ. ಬಲ್ಬು ಅದರ ಬೆನ್ನಿಗೆ ತೀರ ಹತ್ತಿರ ಬೇಡ. ಮೇಲಿನಿಂದ ಚಿಪ್ಪು ಸುಡುತ್ತಿದ್ದರೂ ಕದಲದೆ ಕುಳಿತಿರುವ ಆಮೆಗಳುಂಟು.

ಇದು ಯಾವ ಜಾತಿಯ ಆಮೆ ಎಂದು ಆ ವಾರದಲ್ಲೇ ಖಚಿತ ಮಾಡಿಕೊಳ್ಳಿ. ಒಣ ಬಯಲಿನ ಜಾತಿಗೂ ಮಳೆಕಾಡಿನ ಜಾತಿಗೂ ಬೇಕಾದ ತೇವ, ಆಹಾರ ಒಂದೇ ಅಲ್ಲ. ಕಾನೂನಿನ ಮಾತೂ ಇದೆ. ನೆಲದ ಆಮೆಗಳ ಇಡೀ ಕುಟುಂಬವೇ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಹಲವು ಜಾತಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಬಹುದು. ವೈದ್ಯರ ಬಳಿ ಹೋಗುವ ಮೊದಲೇ ಇದನ್ನು ವಿಚಾರಿಸಿಟ್ಟುಕೊಂಡರೆ ಮುಂದೆ ಪೇಚಾಟವಿಲ್ಲ.

ಗ್ರಾಂ ತೋರಿಸುವ ತಕ್ಕಡಿಯೊಂದನ್ನು ಆಮೆಗೆಂದೇ ಎತ್ತಿಡಿ. ಮೊದಲ ದಿನದ ತೂಕ ಬರೆದುಕೊಳ್ಳಿ. ಆಮೇಲೆ ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಆಮೆ ಮುಖದಲ್ಲಿ ನೋವು ತೋರಿಸುವುದಿಲ್ಲ, ತೂಕದಲ್ಲಿ ತೋರಿಸುತ್ತದೆ.

ಹೆಜ್ಜೆ 2: ಹಗಲ ಬೆಳಕಿನಲ್ಲಿ ನೋಡಿ, ಮೂಸಿ, ಒತ್ತಿ

ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಮೇಲಿನಿಂದ ಒಂದು, ನಾಲ್ಕು ಬದಿಯಿಂದ ನಾಲ್ಕು, ಹೊಟ್ಟೆಯ ಕಡೆಯಿಂದ ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಹೊಟ್ಟೆಯ ಚಿಪ್ಪು ನೋಡಲು ಆಮೆಯನ್ನು ಮಗುಚಿ ಮೇಜಿನ ಮೇಲೆ ಇಡಬೇಡಿ. ಅದರ ಶ್ವಾಸಕೋಶಗಳು ಬೆನ್ನಿನ ಚಿಪ್ಪಿಗೆ ಅಂಟಿದಂತಿವೆ, ಅಂಗಾತ ಮಾಡಿದರೆ ಕರುಳು, ಹೊಟ್ಟೆ ಎಲ್ಲದರ ಭಾರ ಅವುಗಳ ಮೇಲೆ ಬೀಳುತ್ತದೆ. ಎರಡೂ ಕೈಯಿಂದ ಹಿಡಿದು ನಿಮ್ಮ ಕಣ್ಣಿನ ಎತ್ತರಕ್ಕಿಂತ ಮೇಲೆತ್ತಿ, ಕೆಳಗಿನಿಂದ ಇನ್ನೊಬ್ಬರು ಫೋಟೋ ತೆಗೆಯಲಿ.

ಮುಂದಿನದು ಮೂಗಿನ ಕೆಲಸ. ಆರೋಗ್ಯವಂತ ಚಿಪ್ಪಿಗೆ ಮಣ್ಣಿನದೋ ಹುಲ್ಲಿನದೋ ವಾಸನೆ ಇರಬಹುದು, ಕೊಳೆತ ವಾಸನೆ ಇರುವುದಿಲ್ಲ. ಕಾಲುಗಳ ಮೇಲಿನ ಅಂಚಿನ ಒಳಬದಿ, ಬೆನ್ನು ಮತ್ತು ಹೊಟ್ಟೆಯ ಚಿಪ್ಪು ಕೂಡುವ ಪಕ್ಕೆಗಳು, ಬಾಲದ ಸುತ್ತ, ಇವೇ ಮರೆತುಹೋಗುವ ಜಾಗಗಳು. ನಮ್ಮ ಆಮೆಯ ಹುಣ್ಣು ಇದ್ದದ್ದು ಹಿಂದಿನ ಎಡಗಾಲಿನ ಮೇಲಿನ ಅಂಚಿನ ಒಳಬದಿಯಲ್ಲಿ, ಮೇಲಿನಿಂದ ನೋಡಿದವರಿಗೆ ಕಾಣುತ್ತಲೇ ಇರಲಿಲ್ಲ. ಮೇಲೆ ಕಂಡದ್ದು ಬೆರಳ ತುದಿಯಷ್ಟು ಅಗಲದ ಬಿಳಿ ಮಚ್ಚೆ ಮಾತ್ರ, ಒಣಗಿದ ಸುಣ್ಣದಂತೆ. ವೈದ್ಯೆ ಅದರ ಅಂಚಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ಮೆಲ್ಲಗೆ ತಾಗಿಸಿದರು. ಕಡ್ಡಿ ಫಲಕದ ಅಡಿಗೆ ಅರ್ಧ ಬೆರಳಿನಷ್ಟು ಜಾರಿತು, ಹೊರಗೆ ಬಂದಾಗ ಹತ್ತಿ ತೇವವಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮೇಲೆ ಒಣ ಮಚ್ಚೆ, ಒಳಗೆ ಕೀವಿನ ಗೂಡು.

ಕೊನೆಗೆ ಬೆರಳು. ಹೆಬ್ಬೆರಳಿನಿಂದ ಫಲಕದ ನಡುವೆ, ಸಂದಿನಲ್ಲಿ, ಹೊಟ್ಟೆಯ ಚಿಪ್ಪಿನ ಮೇಲೆ ಹದವಾಗಿ ಒತ್ತಿ. ಬೆಳೆದ ಆಮೆಯ ಚಿಪ್ಪು ಒತ್ತಿದಲ್ಲಿ ತಗ್ಗಬಾರದು. ಕೆಲವೇ ತಿಂಗಳ ಮರಿಯ ಚಿಪ್ಪು ಕೊಂಚ ಬಾಗಿದರೆ ಗಾಬರಿ ಬೇಡ. ಉಗುರಿನಿಂದ ತಟ್ಟಿ ನೋಡಿ, ಅಡಿಯಲ್ಲಿ ಬಿಟ್ಟುಕೊಂಡ ಫಲಕ ಟೊಳ್ಳು ಸದ್ದು ಮಾಡುತ್ತದೆ.

ಹೆಜ್ಜೆ 3: ಹಾಗೇ ಬಿಡಬೇಕಾದದ್ದನ್ನು ಬಿಡಿ

ಪ್ರತಿ ಫಲಕವೂ ಗೋಪುರದಂತೆ ಎದ್ದು ನಿಂತಿದ್ದರೆ ಜನ ಮೊದಲು ಕೇಳುವುದೇ ಅದರ ಬಗ್ಗೆ. ಇದಕ್ಕೆ ಪಿರಮಿಡಿಂಗ್ ಎಂಬ ಹೆಸರಿದೆ. ಪ್ರೋಟೀನ್ ಹೆಚ್ಚಾದರೆ ಹೀಗಾಗುತ್ತದೆ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಆಫ್ರಿಕಾದ ಸಲ್ಕಾಟಾ ಆಮೆಗಳ ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರೋಟೀನ್ ಪ್ರಮಾಣದಲ್ಲಿ ಬೆಳೆಸಿ ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಒಣ ಗಾಳಿಯಲ್ಲಿ ಬೆಳೆದವುಗಳ ಗೋಪುರಗಳು ಎತ್ತರವಾಗಿದ್ದವು, ಪ್ರೋಟೀನಿನ ಪಾತ್ರ ತೀರ ಚಿಕ್ಕದಾಗಿತ್ತು. ಬಲ್ಬಿನ ಕೆಳಗೆ ಹಗಲಿಡೀ ಒಣಗುವ ಮರಿಗೆ ಅಡಗಿಕೊಳ್ಳಲು ತೇವದ ಮೂಲೆಯೊಂದು ಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದದ್ದು. ಕೆಲವು ಜಾತಿಗಳಲ್ಲಿ ಕಾಡಿನಲ್ಲಿ ಬೆಳೆದವುಗಳಿಗೂ ಇಂಥ ಉಬ್ಬುಗಳಿರುತ್ತವೆ ಎಂಬುದೂ ನೆನಪಿರಲಿ.

ಆಗಿಹೋದ ಉಬ್ಬು ಇಳಿಯುವುದಿಲ್ಲ. ಅರದಿಂದ ಉಜ್ಜಿ ಸಮ ಮಾಡುವ ಮಹಾನುಭಾವರಿದ್ದಾರೆ, ಅವರು ಉಜ್ಜುವುದು ಜೀವಂತ ಮೂಳೆಯ ಹೊದಿಕೆಯನ್ನು. ಹೊಸ ಬೆಳವಣಿಗೆ ನಯವಾಗಿ ಬಂದರೆ ನೀವು ಗೆದ್ದಂತೆ. ಒಣಗಿ ಗಟ್ಟಿಯಾದ ಹಳೆಯ ಹಲ್ಲಿನ ಗುರುತು, ಮುರಿದು ದುಂಡಾದ ಅಂಚು, ಕಟ್ಟಿಹಾಕಲು ಎಂದೋ ಕೊರೆದು ಈಗ ಒಣಗಿರುವ ತೂತು, ಇವನ್ನೂ ಫೋಟೋದಲ್ಲಿ ಗುರುತಿಸಿ ಸುಮ್ಮನಿರಿ. ತೂತಿನಲ್ಲಿ ಸರಪಳಿ, ತಂತಿ ಇನ್ನೂ ಇದ್ದರೆ ಎಳೆಯಬೇಡಿ, ಅದನ್ನು ವೈದ್ಯರೇ ತೆಗೆಯಲಿ.

ಯಾರೋ ಬಳಿದ ಬಣ್ಣದ ವಿಷಯಕ್ಕೆ ಬಂದರೆ, ಅದು ಫಲಕಗಳ ಸಂದಿನ ಮೇಲೆ ಹರಡಿದ್ದರೆ ಅಥವಾ ಚಿಪ್ಪನ್ನೆಲ್ಲ ಮುಚ್ಚಿದ್ದರೆ ತೆಗೆಸಬೇಕು, ಅಡಿಯಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ. ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಉಗುರುಬೆಚ್ಚಗಿನ ನೀರು, ಮೃದುವಾದ ಬ್ರಷ್, ದಿನಕ್ಕೆ ಸ್ವಲ್ಪ ಸ್ವಲ್ಪ. ಫಲಕದ ನಡುವೆ ಒಂದು ಚಿಕ್ಕ ಗುರುತು ಮಾತ್ರ ಇದ್ದರೆ ಅದು ತಾನೇ ಸವೆಯಲಿ.

ಹೆಜ್ಜೆ 4: ಚಿಪ್ಪು ಮೆತ್ತಗಿದ್ದರೆ

ಬೆಳೆದ ಆಮೆಯ ಚಿಪ್ಪು ಒತ್ತಿದಾಗ ರಬ್ಬರಿನಂತೆ ತಗ್ಗಿದರೆ, ಅಂಚುಗಳು ಮೇಲಕ್ಕೆ ಮಡಚಿಕೊಂಡಿದ್ದರೆ, ನಡೆಯುವಾಗ ಮೈ ಎತ್ತಲಾಗದೆ ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದರೆ, ಮೂಳೆಯಲ್ಲಿ ಕ್ಯಾಲ್ಸಿಯಂ ಇಲ್ಲ. ಆಹಾರದಿಂದ ಬರದ ಕ್ಯಾಲ್ಸಿಯಮ್ಮನ್ನು ದೇಹ ತನ್ನ ಮೂಳೆಯಿಂದಲೇ ಸಾಲ ಪಡೆಯುತ್ತದೆ, ಆಮೆಯ ಅತಿ ದೊಡ್ಡ ಮೂಳೆಯ ಭಂಡಾರ ಚಿಪ್ಪೇ.

ಕಾರಣ ಸಾಮಾನ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಒಂದೂವರೆ ಎರಡು ಪಟ್ಟು ಇರಬೇಕು. ಹಣ್ಣು, ಧಾನ್ಯ, ನಾಯಿಯ ಆಹಾರ ತಿಂದು ಬೆಳೆದ ಆಮೆಗೆ ಅದು ತಲೆಕೆಳಗಾಗಿರುತ್ತದೆ. ಪಾಲಕ್‌ನಂಥ ಸೊಪ್ಪಿನಲ್ಲಿರುವ ಆಕ್ಸಲೇಟ್ ಇದ್ದ ಕ್ಯಾಲ್ಸಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹುಲ್ಲು, ಕಳೆಗಿಡಗಳ ನಾರಿನ ಎಲೆಗಳೇ ಬಯಲಿನಲ್ಲಿ ಮೇಯುವ ಜಾತಿಗಳಿಗೆ ಊಟ. ಇನ್ನೊಂದು ಬಿಸಿಲು. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದು ತಯಾರಾಗುವುದು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಮೈಮೇಲೆ ಬಿದ್ದಾಗ. ಕಿಟಕಿಯ ಗಾಜು ಈ ಕಿರಣಗಳನ್ನು ಬಹುಪಾಲು ತಡೆದುಬಿಡುತ್ತದೆ. ಗಾಜಿನ ಹಿಂದೆ ಬಿಸಿಲು ಕಾಯಿಸುತ್ತಿದ್ದೇವೆ ಎಂದು ನೆಮ್ಮದಿಯಿಂದಿರುವವರನ್ನು ಕಂಡಾಗಲೆಲ್ಲ ನನಗೆ ಮರುಕ ಹುಟ್ಟುತ್ತದೆ. ಬಿಸಿಲಿಗೆ ಬಿಡಲಾಗದಿದ್ದರೆ ಸರೀಸೃಪಗಳಿಗೆಂದೇ ಬರುವ ಯುವಿಬಿ ದೀಪ ಬೇಕು. ಅದು ಉರಿಯುತ್ತಿದೆ ಎಂದ ಮಾತ್ರಕ್ಕೆ ಕಿರಣ ಬರುತ್ತಿದೆ ಎಂದಲ್ಲ. ಬಗೆಯನ್ನು ನೋಡಿಕೊಂಡು 6ರಿಂದ 12 ತಿಂಗಳಿಗೆ ಬದಲಿಸಬೇಕು.

ಇಷ್ಟು ಓದಿ ಕ್ಯಾಲ್ಸಿಯಂ ಡಬ್ಬಿ ತಂದು ಸುರಿಯಬೇಡಿ. ಮೂತ್ರಪಿಂಡ ಕೆಟ್ಟಿದ್ದರೂ ಚಿಪ್ಪು ಮೆತ್ತಗಾಗಬಹುದು. ರಕ್ತ ಪರೀಕ್ಷೆ, ಎಕ್ಸ್‌ರೇ ಆದ ಮೇಲೆ ಪ್ರಮಾಣವನ್ನು ವೈದ್ಯರು ಹೇಳಲಿ. ಆಮೆಯನ್ನು ಎತ್ತುವಾಗ ಅಂಗೈಯನ್ನು ಅಡಿಯಿಂದ ಅಗಲವಾಗಿ ಕೊಡಿ, ಪಕ್ಕೆ ಹಿಚುಕಿ ಹಿಡಿಯಬೇಡಿ.

ಹೆಜ್ಜೆ 5: ಚಿಪ್ಪು ಕೊಳೆಯುತ್ತಿದ್ದರೆ

ಒದ್ದೆ ನೆಲ, ಗಲೀಜು, ತಣ್ಣನೆಯ ಜಾಗ, ಸಣ್ಣದೊಂದು ಗೀರು ಕೂಡಿದರೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಒಳಹೋಗುತ್ತದೆ. ಗುಳಿಗಳು, ಮೆತ್ತನೆಯ ಮಚ್ಚೆ, ಸೋರುವ ದ್ರವ, ದುರ್ವಾಸನೆ ಒಂದು ಬಗೆ. ಒಣಗಿದ ಬಿಳಿ ಹಕ್ಕಳೆಯಾಗಿ ಉದುರುವುದು ಇನ್ನೊಂದು. ನೋಡಿದರೆ ಯಾವುದೆಂದು ಖಚಿತವಾಗುವುದಿಲ್ಲ, ನಮ್ಮ ಒಣ ಮಚ್ಚೆಯ ಕತೆ ಹೇಳಿದೆನಲ್ಲ. ಮಾದರಿ ತೆಗೆದು ಪ್ರಯೋಗಾಲಯದಲ್ಲಿ ನೋಡಬೇಕು.

ವೈದ್ಯರನ್ನು ಕಾಣುವವರೆಗೆ ನೀವು ಮಾಡಬಹುದಾದದ್ದು ಸ್ವಲ್ಪವೇ. ಆಮೆಯನ್ನು ಒಣ ಕಾಗದದ ಮೇಲೆ, ಬೆಚ್ಚಗೆ ಇಡಿ. ಮೇಲ್ಮೈ ಗಾಯವನ್ನು ಪೊವಿಡೋನ್ ಅಯೋಡಿನ್ ಹಾಕಿದ ನೀರಿನಿಂದ ದಿನಕ್ಕೊಮ್ಮೆ ಮೆಲ್ಲಗೆ ಒರೆಸಿ. ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು ಹಾಕಿದರೆ ಸಾಕು, ಗಾಢವಾದರೆ ಗಾಯ ಮಾಯುವುದು ತಡವಾಗುತ್ತದೆ. ಬಳಿಕ ಒಣಗಲು ಬಿಡಿ. ಕೊಳೆತ ಭಾಗವನ್ನು ಕೆರೆದು ತೆಗೆಯುವುದು ವೈದ್ಯರ ಕೆಲಸ. ಅದಕ್ಕೆ ನೋವು ನಿವಾರಕ ಬೇಕು, ಎಷ್ಟು ಆಳದಲ್ಲಿ ಮೂಳೆ ಇದೆ ಎಂಬ ಅಂದಾಜು ಬೇಕು.

ಹೊಟ್ಟೆಯ ಚಿಪ್ಪಿನ ಅಡಿಯಲ್ಲಿ ಗುಲಾಬಿ ಅಥವಾ ಕೆಂಪು ಹರಡಿದ್ದು, ಆಮೆ ತಿನ್ನದೆ ಮಂಕಾಗಿ ಬಿದ್ದಿದ್ದರೆ ಸೋಂಕು ರಕ್ತಕ್ಕೆ ಇಳಿದಿರಬಹುದು. ನಾಳೆ ನೋಡೋಣ ಎನ್ನಬೇಡಿ, ಅಂದೇ ಹೊರಡಿ.

ಹೆಜ್ಜೆ 6: ಚಿಪ್ಪು ಒಡೆದಿದ್ದರೆ

ನಾಯಿಯ ಕಡಿತ, ವಾಹನ, ಎತ್ತರದಿಂದ ಬಿದ್ದದ್ದು. ಕಣ್ಣಿಗೆ ಭಯಂಕರವಾಗಿ ಕಂಡರೂ ಎಷ್ಟೋ ಆಮೆಗಳು ಉಳಿಯುತ್ತವೆ. ನಮ್ಮ ಹಾಗೆ ಅವುಗಳ ಉಸಿರಾಟ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ನೆಚ್ಚಿಲ್ಲ, ಚಿಪ್ಪು ಬಿರಿದಾಗಲೂ ಉಸಿರಾಡಬಲ್ಲವು. ಆದ್ದರಿಂದ ಕದಲುತ್ತಿಲ್ಲ ಎಂದು ಸತ್ತಿತೆಂದುಕೊಳ್ಳಬೇಡಿ.

ಸ್ವಚ್ಛ ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಅದ್ದಿ ಹಿಂಡಿ ಗಾಯದ ಮೇಲಿಡಿ, ಸಡಿಲವಾಗಿ ಬ್ಯಾಂಡೇಜ್ ಸುತ್ತಿ. ರಕ್ತ ಬರುತ್ತಿದ್ದರೆ ಒಣ ಗಾಜ್‌ನಿಂದ ಒತ್ತಿ ಹಿಡಿಯಿರಿ. ಮುರಿದ ತುಣುಕುಗಳಲ್ಲಿ ಒಂದನ್ನೂ ಎಸೆಯಬೇಡಿ. ನೀರಿನಲ್ಲಿ ಕೂರಿಸಬೇಡಿ, ಬಿರುಕಿನ ಮೂಲಕ ನೀರು ಒಡಲಿಗೆ ಹೋಗುತ್ತದೆ. ಗಾಳಿಯಾಡುವ ಪೆಟ್ಟಿಗೆಯಲ್ಲಿ, ನೊಣ ಬಾರದಂತೆ ಬಟ್ಟೆ ಮುಚ್ಚಿ ಒಯ್ಯಿರಿ. ನೊಣ ಕುಳಿತ ಗಾಯದಲ್ಲಿ ಒಂದೇ ದಿನದೊಳಗೆ ಹುಳು ಬೀಳಬಹುದು.

ಅಂಟು ಹಾಕಿ ಮುಚ್ಚುವ ಆಸೆಯನ್ನು ಅದುಮಿಡಿ. ಒಳಗೆ ಸಿಕ್ಕಿಬಿದ್ದ ಕೊಳೆ ಅಲ್ಲೇ ಕೀವಾಗುತ್ತದೆ, ಹೊರಗೆ ಗಟ್ಟಿ ಮುಚ್ಚಳ, ಒಳಗೆ ಸಾವು. ವೈದ್ಯರು ದಿನಗಟ್ಟಲೆ ತೊಳೆದು ಶುದ್ಧವಾಯಿತೆಂದು ಖಚಿತವಾದ ಮೇಲೆ ಸ್ಕ್ರೂ, ತಂತಿಗಳಿಂದ ತುಣುಕುಗಳನ್ನು ಬಿಗಿಯುತ್ತಾರೆ. ನಾಯಿ ಕಡಿದಿದ್ದರೆ ಸಣ್ಣ ತೂತಾದರೂ ತೋರಿಸಲೇಬೇಕು, ಹಲ್ಲು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಹೆಜ್ಜೆ 7: ವೈದ್ಯರ ಬಳಿ

ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರನ್ನೇ ಹುಡುಕಿ. ನಾಯಿ ಬೆಕ್ಕುಗಳಿಗೆ ಕೊಡುವ ಐವರ್ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಕ. ಹುಳುವಿನ ಔಷಧ ಎಂದು ಯಾರಾದರೂ ಅದನ್ನು ತೆಗೆದರೆ ಬೇಡವೆನ್ನಲು ಸಂಕೋಚಪಡಬೇಡಿ. ಫೋಟೋಗಳು, ತೂಕದ ಚೀಟಿ, ಏನು ತಿನ್ನುತ್ತದೆ, ದೀಪ ಯಾವುದು, ಎಷ್ಟು ಡಿಗ್ರಿಯಲ್ಲಿದೆ ಎಂಬುದನ್ನು ಬರೆದುಕೊಂಡು ಹೋಗಿ. ಈವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಎಣ್ಣೆಯ ವಿಷಯ ಹೇಳಲು ನನಗೂ ನಾಚಿಕೆಯಾಗಿತ್ತು.

ಸ್ಟೀರಾಯ್ಡ್ ಇರುವ ಮನುಷ್ಯರ ಮುಲಾಮು, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನದ ಲೇಪ, ಇವು ಯಾವುವನ್ನೂ ವೈದ್ಯರನ್ನು ಕೇಳದೆ ಬಳಸಬೇಡಿ.

ಹೆಜ್ಜೆ 8: ಕಾಯುವುದು

ಚಿಪ್ಪಿನ ಗಾಯ ತಿಂಗಳುಗಳ ಲೆಕ್ಕದಲ್ಲಿ ಮಾಯುತ್ತದೆ, ಆಳವಾದದ್ದಕ್ಕೆ ವರ್ಷವೂ ಬೇಕು. ಹದಿನೈದು ದಿನಕ್ಕೊಮ್ಮೆ ಅದೇ ಕೋನದಿಂದ, ಅದೇ ಅಳತೆಪಟ್ಟಿಯೊಂದಿಗೆ ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಅಂಚು ಒಣಗಿ ಗಟ್ಟಿಯಾಗುತ್ತ, ವಾಸನೆ ಇಲ್ಲದೆ ಇದ್ದರೆ ದಾರಿ ಸರಿಯಿದೆ. ಸತ್ತ ಫಲಕ ಮೇಲೇಳುತ್ತದೆ, ಅಲುಗಾಡುತ್ತದೆ, ಎಳೆಯಬೇಕೆಂದು ನಿಮ್ಮ ಬೆರಳು ತುರಿಸುತ್ತದೆ. ಎಳೆಯಬೇಡಿ, ಅದರ ಅಡಿಯಲ್ಲಿ ಹೊಸ ಹೊದಿಕೆ ಸಿದ್ಧವಾದ ದಿನ ತಾನೇ ಉದುರುತ್ತದೆ. ಮತ್ತೆ ವಾಸನೆ ಬಂದರೆ, ಮಚ್ಚೆ ದೊಡ್ಡದಾದರೆ, ತೂಕ ಇಳಿಯುತ್ತ ಹೋದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ.

ವೈದ್ಯರು ಒಪ್ಪಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ಕೂರಿಸಬಹುದು. ನೀರು ಎರಡು ಚಿಪ್ಪುಗಳು ಕೂಡುವ ಮಟ್ಟಕ್ಕಿಂತ ಮೇಲೆ ಬೇಡ, ತಲೆ ಎತ್ತದೆಯೇ ಮೂಗು ಹೊರಗಿರಬೇಕು. ಆ ಪಾತ್ರೆ ಅಡುಗೆಮನೆಗೆ ಮರಳಬಾರದು. ಆರೋಗ್ಯವಾಗಿ ಕಾಣುವ ಆಮೆಯೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು, ಪ್ರತಿ ಬಾರಿ ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

ನಮ್ಮ ಆಮೆಯ ಆ ಫಲಕ ಉದುರಲು ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ಸೊಪ್ಪಿನ ತಟ್ಟೆಯ ಪಕ್ಕದಲ್ಲಿ ಒಣ ಎಲೆಯೆಂದು ಎತ್ತಿದ್ದು ಅದೇ ಆಗಿತ್ತು. ಅದಿದ್ದ ಜಾಗದಲ್ಲಿ ಮಂಕು ಹಳದಿಯ, ಸ್ವಲ್ಪ ಉಬ್ಬುತಗ್ಗಿನ ಹೊಸ ಹೊದಿಕೆ ಬಂದಿತ್ತು, ಒತ್ತಿದರೆ ಗಟ್ಟಿ. ಈಗಲೂ ವಾರಕ್ಕೊಮ್ಮೆ ಆ ಅಂಚಿನ ಒಳಬದಿಗೆ ಟಾರ್ಚ್ ಹಿಡಿದು ಮೂಸಿ ನೋಡುತ್ತೇನೆ. ಬೆನ್ನಿನ ಮೇಲಿನ 7ರಲ್ಲಿ ಅಡ್ಡಗೆರೆ ಸವೆದುಹೋಗಿದೆ, ಉಳಿದ ಗೆರೆ ಇನ್ನೂ ಇದೆ.